ಕಂದು ಹಕ್ಕಿಯೂ ಕೈಪಿಡಿಯೂ

ಹಕ್ಕಿ ಗುರುತಿಸುವ ಕೈಪಿಡಿಗಳನ್ನು ಯಾರೂ ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ. ಅಡುಗೆ ಪುಸ್ತಕದಂತೆ, ರೈಲ್ವೆ ವೇಳಾಪಟ್ಟಿಯಂತೆ ಅದೂ ಉಪಯೋಗದ ವಸ್ತು, ಕೆಲಸವಾದ ಮೇಲೆ ಕಪಾಟಿಗೆ ಹೋಗುವಂಥದು ಎಂಬುದು ಸಾಮಾನ್ಯ ಭಾವನೆ. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಇಂಥ ಪುಸ್ತಕವೊಂದನ್ನು ನೆಚ್ಚಿ ನಮ್ಮ ಸಂಘದ ಸಂಕ್ರಾಂತಿ ಕೂಟದಲ್ಲಿ ನಾಲ್ಕು ಜನರ ಮುಂದೆ ನಗೆಪಾಟಲಾದ ಮೇಲೆ, ನನ್ನಲ್ಲಿರುವ ಪಕ್ಷಿ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ, ಕಾದಂಬರಿಯನ್ನೋ ಕಾವ್ಯವನ್ನೋ ಓದುವಷ್ಟೇ ಎಚ್ಚರದಿಂದ ಮೊದಲಿನಿಂದ ಓದಿದೆ. ತಪ್ಪು ಪುಸ್ತಕದ್ದೋ, ನನ್ನ ಓದಿನದೋ ಎಂದು ತಿಳಿಯಬೇಕಾಗಿತ್ತು.

ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ. ಡೊಂಬಿವಲಿಯ ನಮ್ಮ ಸೊಸೈಟಿಯ ಹಿಂಭಾಗದಲ್ಲಿ ದಾಸವಾಳದ ಬೇಲಿ ಇದೆ. ಅದರಾಚೆ ಒಂದಿಷ್ಟು ಲಂಟಾನದ ಪೊದೆ, ಒಂದು ಮೋರಿ. ಪ್ರತಿ ಚಳಿಗಾಲದಲ್ಲಿಯೂ ಆ ಬೇಲಿಯೊಳಗಿನಿಂದ ‘ಚಕ್... ಚಕ್...’ ಎಂಬ ಸದ್ದು ಕೇಳುತ್ತದೆ, ಯಾರೋ ನಾಲಿಗೆಯನ್ನು ಅಂಗಳಕ್ಕೆ ತಾಗಿಸಿ ‘ಛೆ’ ಎಂದು ಮರುಗಿದ ಹಾಗೆ. ಸದ್ದಿನ ಒಡೆಯ ಮಾತ್ರ ಸುಲಭಕ್ಕೆ ಹೊರಗೆ ಬರುವುದಿಲ್ಲ. ಒಂದು ಜನವರಿಯ ಭಾನುವಾರ ನಾನು ಗ್ಯಾಲರಿಯಲ್ಲಿ ಚಹಾ ಹಿಡಿದು ನಿಂತಿದ್ದಾಗ ಅದು ಬೇಲಿಯ ಮೇಲ್ತುದಿಗೆ ಬಂದು ಮೂರು ನಾಲ್ಕು ಸೆಕೆಂಡು ಕೂತಿತು. ಗುಬ್ಬಿಗಿಂತ ತೆಳ್ಳಗೆ. ಮೇಲೆಲ್ಲ ಕಂದು, ಕೆಳಗೆ ಮಾಸಿದ ಬಿಳಿ. ಕೊಕ್ಕು ಮಾತ್ರ ಮೈಗೆ ಹೋಲಿಸಿದರೆ ಉದ್ದವೆನಿಸಿತು. ಒಳಗೆ ಓಡಿ ಕೈಪಿಡಿ ತೆರೆದೆ. ಒಂದೇ ಪುಟದಲ್ಲಿ ಅದೇ ಬಣ್ಣದ ಎಂಟು ಹತ್ತು ಹಕ್ಕಿಗಳು. ಅವುಗಳಲ್ಲಿ ಒಂದಕ್ಕೆ ಕೊಕ್ಕು ತುಸು ಉದ್ದ. ಅಷ್ಟೇ ಸಾಕಾಯಿತು. ನಾನು ಕಂಡದ್ದು ದೊಡ್ಡ ಕೊಕ್ಕಿನ ಜೊಂಡು ಉಲಿಯಕ್ಕಿ, ಜಗತ್ತು ಸುಮಾರು 139 ವರ್ಷ ಕಾಣದೆ ಹೋಗಿದ್ದ ಹಕ್ಕಿ, ಎಂದು ತೀರ್ಮಾನಿಸಿದೆ. ಎಳ್ಳುಬೆಲ್ಲ ಹಂಚುವ ಹೊತ್ತಿಗೆ ಸಂಘದಲ್ಲಿ ಅದನ್ನು ಸಾರಿಯೂ ಬಿಟ್ಟೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಧಾರವಾಡ ಕಡೆಯ ಮನೆತನದ, ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಮಾತ್ರ, “ಕಾಕಾ, ಅದು ಅದ ಅಂತ ನಿಮಗ ಹೆಂಗ ಗೊತ್ತಾತು?” ಎಂದು ಕೇಳಿದಳು. “ಕೊಕ್ಕು ನೋಡಿ” ಎಂದೆ. “ಅಳದ್ರೇನು?” ಎಂದಳು. ಪಕ್ಕದಲ್ಲಿದ್ದ, ನಲವತ್ತು ವರ್ಷದಿಂದ ಹಕ್ಕಿ ನೋಡುತ್ತಿರುವ ಹಿರಿಯರೊಬ್ಬರು ನಗು ತಡೆಯಲಾರದೆ ಹೋದರು. ಮುಂದಿನ ಹತ್ತು ನಿಮಿಷ ಅವರು ನನ್ನನ್ನು ಕೇಳಿದ ಪ್ರಶ್ನೆಗಳಲ್ಲಿ ಒಂದಕ್ಕೂ ನನ್ನ ಬಳಿ ಉತ್ತರ ಇರಲಿಲ್ಲ. ರೆಕ್ಕೆಯ ಎರಡನೆಯ ಗರಿ ಎಷ್ಟನೆಯದಕ್ಕೆ ಸಮ? ಹಿಂಬೆರಳಿನ ಉಗುರು ಎಷ್ಟುದ್ದ? ಬೆಳಕು ಎತ್ತ ಕಡೆಯಿಂದ ಬೀಳುತ್ತಿತ್ತು? ಹಾಡು ಕೇಳಿದಿರಾ?

ಈ ಪ್ರಶ್ನೆಗಳ ಹಿಂದೆ ಒಂದು ದೊಡ್ಡ ಕಥೆ ಇದೆ. 1867ರ ನವೆಂಬರ್ 13ರಂದು ಇಂದಿನ ಹಿಮಾಚಲ ಪ್ರದೇಶದ ರಾಮಪುರದ ಬಳಿ, ಸಟ್ಲೆಜ್ ಕಣಿವೆಯಲ್ಲಿ, ಅಲನ್ ಆಕ್ಟೇವಿಯನ್ ಹ್ಯೂಮ್ ಒಂದು ಸಣ್ಣ ಕಂದು ಹಕ್ಕಿಯನ್ನು ಸಂಗ್ರಹಿಸಿದ. 1885ರಲ್ಲಿ ಕಾಂಗ್ರೆಸ್ಸಿನ ಹುಟ್ಟಿಗೆ ಕಾರಣನಾದ ಹ್ಯೂಮ್‌ನೇ ಈತ. ನಾವು ಶಾಲೆಯಲ್ಲಿ ಓದಿದ್ದು ಆ ಹ್ಯೂಮ್‌ನನ್ನು; ಹಕ್ಕಿಗಳ ಹ್ಯೂಮ್ ಅವನಿಗಿಂತ ಕಡಿಮೆಯವನಲ್ಲ. ಸುಮಾರು 80,000 ಹಕ್ಕಿಗಳ ಚರ್ಮಗಳನ್ನು ಕಲೆಹಾಕಿ ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟವನು. ಅವನ ಅನೇಕ ವರ್ಷಗಳ ಹಸ್ತಪ್ರತಿಯನ್ನು ಮನೆಯ ಆಳೊಬ್ಬ ಸಿಮ್ಲಾ ಬಜಾರಿನಲ್ಲಿ ರದ್ದಿಗೆ ಮಾರಿಬಿಟ್ಟನಂತೆ. ಆ ಕಂದು ಹಕ್ಕಿಗೆ ಹ್ಯೂಮ್ 1869ರಲ್ಲಿ ಒಂದು ಹೆಸರಿಟ್ಟ, 1871ರಲ್ಲಿ ಅದನ್ನು ಬೇರೆ ಕುಲಕ್ಕೆ ಸೇರಿಸಿದ. ಆ ಹೆಸರು ಆಗಲೇ ಬೇರೆ ಹಕ್ಕಿಗೆ ಸಂದಿತ್ತೆಂದು ತಿಳಿದುಬಂದು 1905ರಲ್ಲಿ ಓಬರ್‌ಹೋಲ್ಸರ್ ಎಂಬಾತ ಮತ್ತೊಂದು ಹೆಸರು ಕೊಟ್ಟ. ಇಷ್ಟೆಲ್ಲ ನಾಮಕರಣವಾದರೂ ಹಕ್ಕಿ ಮಾತ್ರ ಒಂದೇ ಒಂದು. ಅದು ಸ್ವತಂತ್ರ ಜಾತಿಯೇ ಅಲ್ಲ, ಬೇರೊಂದು ಉಲಿಯಕ್ಕಿಯ ವಿಚಿತ್ರ ಮಾದರಿಯೋ ಮಿಶ್ರ ಸಂತಾನವೋ ಇರಬೇಕು ಎಂಬ ಸಂಶಯ ನೂರು ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು. 2002ರಲ್ಲಿ ಸ್ವೀಡನ್ನಿನ ಸ್ಟಾಫನ್ ಬೆನ್ಷ್ ಮತ್ತು ಡೇವಿಡ್ ಪಿಯರ್ಸನ್ ಆ ಹಳೆಯ ಚರ್ಮದ ಡಿಎನ್‌ಎ ಪರೀಕ್ಷಿಸಿ ಅದು ಬೇರೆಯದೇ ಜಾತಿ ಎಂದು ತೋರಿಸಿದರು.

2006ರ ಮಾರ್ಚ್ 27ರಂದು ಥಾಯ್ಲೆಂಡಿನ ಲೇಮ್ ಫಾಕ್ ಬಿಯಾ ಎಂಬಲ್ಲಿ, ಕೊಳಚೆ ನೀರು ಶುದ್ಧೀಕರಿಸುವ ಕೊಳಗಳ ಹತ್ತಿರ, ಫಿಲಿಪ್ ರೌಂಡ್ ಎಂಬ ಪಕ್ಷಿತಜ್ಞರ ಬಲೆಗೆ ಒಂದು ಹಕ್ಕಿ ಬಿದ್ದಿತು. ಕಾಲಿಗೆ ಉಂಗುರ ತೊಡಿಸಿ ಬಿಡುವ ನಿತ್ಯದ ಕೆಲಸ ಅದು. ಕೊಕ್ಕು ಹೆಚ್ಚು ಉದ್ದ, ರೆಕ್ಕೆ ಗಿಡ್ಡ ಎಂಬುದನ್ನು ಅವರು ಗಮನಿಸಿದರು. ಗಮನಿಸಿ, ಹೆಸರು ಕೂಗಲಿಲ್ಲ. ಅಳತೆ ತೆಗೆದರು, ಫೋಟೋ ತೆಗೆದರು, ಎರಡು ಗರಿಗಳನ್ನು ಸ್ವೀಡನ್ನಿಗೆ ಕಳಿಸಿದರು. ಉತ್ತರ ಬಂದ ಮೇಲೆ, 2007ರ ಮಾರ್ಚಿನಲ್ಲಿ, ಜಗತ್ತಿಗೆ ತಿಳಿಸಿದರು. ಹಕ್ಕಿಯನ್ನು ಅಂಗೈಯಲ್ಲಿ ಹಿಡಿದವರು ಒಂದು ವರ್ಷ ಕಾದರು. ಗ್ಯಾಲರಿಯಿಂದ ಮೂರು ಸೆಕೆಂಡು ಕಂಡ ನಾನು ಒಂದು ವಾರವೂ ಕಾಯಲಿಲ್ಲ.

ಇನ್ನು ಪುಸ್ತಕಗಳಿಗೆ ಬರೋಣ. ನಮ್ಮ ಮುಂಬಯಿಯವರೇ ಆದ ಸಾಲಿಂ ಅಲಿ (1896–1987) ಅವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ 1941ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯಿಂದ ಹೊರಬಂತು. ಅದಕ್ಕೆ ಸ್ವಲ್ಪ ಮೊದಲು, 1939–40ರಲ್ಲಿ, ಅವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನೂ ನಡೆಸಿದ್ದರೆಂಬುದು ನಮ್ಮವರಿಗೆ ನೆನಪಿರಬೇಕಾದ ಸಂಗತಿ. ನಾಡನ್ನು ಕಾಲಿನಿಂದ ಅಳೆದ ಮನುಷ್ಯನ ಪುಸ್ತಕ ಅದು, ಓದಿದರೆ ತಿಳಿಯುತ್ತದೆ. ಪ್ರತಿ ಹಕ್ಕಿಗೂ ಗಾತ್ರ, ಹೊರಗೆ ಕಾಣುವ ಗುರುತು, ಎಲ್ಲೆಲ್ಲಿದೆ, ನಡವಳಿಕೆ, ಗೂಡು ಎಂದು ಒಂದೇ ಬಗೆಯ ವಿಭಾಗಗಳು. ಗಾತ್ರಕ್ಕೆ ಸೆಂಟಿಮೀಟರಿನ ಗೊಡವೆ ಹೆಚ್ಚಿಲ್ಲ. ಗುಬ್ಬಿಯಷ್ಟು, ಗುಬ್ಬಿಗಿಂತ ಸಣ್ಣದು, ಪಿಕಳಾರದಷ್ಟು, ಮೈನಾಗಿಂತ ದೊಡ್ಡದು, ಹೀಗೆ ಕೂಡಿಸುವ ಕಳೆಯುವ ಚಿಹ್ನೆಗಳಲ್ಲಿ ಹೇಳಿಬಿಡುತ್ತಾರೆ. ನೂರು ಅಡಿ ದೂರದಲ್ಲಿರುವ ಹಕ್ಕಿಯನ್ನು ಯಾರೂ ಅಡಿಕೋಲಿನಿಂದ ಅಳೆಯಲಾರರು, ಆದರೆ ಗುಬ್ಬಿಯನ್ನು ಎಲ್ಲರೂ ಬಲ್ಲರು.

ಈ ಪುಸ್ತಕದ ಕೊರತೆಯೆಂದು ನಾನು ಬಹುಕಾಲ ತಿಳಿದಿದ್ದು ಒಂದನ್ನು: ಸಣ್ಣ ಕಂದು ಹಕ್ಕಿಗಳಿಗೆ ಅದು ಕೊಡುವ ಜಾಗ ಬಹಳ ಕಡಿಮೆ. ಉಲಿಯಕ್ಕಿಗಳ ಜಾತಿಗಳೇ ನಮ್ಮ ದೇಶದಲ್ಲಿ ಹತ್ತಾರು. ಅವುಗಳಲ್ಲಿ ಬೆರಳೆಣಿಕೆಯಷ್ಟಕ್ಕೆ ಮಾತ್ರ ಅಲ್ಲಿ ಸ್ಥಾನ. ಹೊಸ ಕೈಪಿಡಿಗಳು ಈ ಕೊರತೆಯನ್ನು ತುಂಬಿದವೆಂದು ಹಿಗ್ಗಿ ಅವುಗಳನ್ನು ಕೊಂಡೆ. ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದಾಗ ಬೇರೆಯೇ ಕಾಣುತ್ತದೆ. ಸಾಲಿಂ ಅಲಿಯವರ ಪುಟದಲ್ಲಿ ನಡವಳಿಕೆಯ ಭಾಗವೇ ತೂಕದ್ದು. ಹಕ್ಕಿ ಎಲ್ಲಿ ಕೂರುತ್ತದೆ, ಹೇಗೆ ನುಸುಳುತ್ತದೆ, ಏನನ್ನು ಹೆಕ್ಕುತ್ತದೆ, ಒಂಟಿಯೋ ಗುಂಪೋ ಎಂಬುದು ಅಲ್ಲಿ ಬರುತ್ತದೆ. ಅದನ್ನು ಓದಿದವನು ಹೆಸರು ಸಿಗದಿದ್ದರೂ ಹಕ್ಕಿಯನ್ನು ನೋಡುತ್ತಲೇ ಇರಬಲ್ಲ. ಹೊಸ ಕೈಪಿಡಿಯಲ್ಲಿ ಬಲಪುಟ ತುಂಬ ಬಣ್ಣದ ಚಿತ್ರ, ಎಡಪುಟದಲ್ಲಿ ನಾಲ್ಕು ನಾಲ್ಕು ಸಾಲಿನ ಟಿಪ್ಪಣಿ. ಕಣ್ಣು ಚಿತ್ರಕ್ಕೆ ಹೋಗುತ್ತದೆ, ಬೆರಳು ಒಂದರ ಮೇಲೆ ನಿಲ್ಲುತ್ತದೆ, ಅಲ್ಲಿಗೆ ನೋಡುವುದು ಮುಗಿಯಿತು. ಚಿತ್ರಗಳು ಸುಳ್ಳೆಂದಲ್ಲ. ಅವು ಅತಿ ನಿಖರ, ತೊಂದರೆ ಇರುವುದೇ ಅಲ್ಲಿ. ಪುಟದಲ್ಲಿ ಹಕ್ಕಿ ಪಕ್ಕಕ್ಕೆ ತಿರುಗಿ, ಸಮನಾದ ಬೆಳಕಿನಲ್ಲಿ, ಹೊಸ ಗರಿ ತೊಟ್ಟು, ಮದುವೆಗೆ ಫೋಟೋ ತೆಗೆಸಿದ ವರನಂತೆ ಕೂತಿರುತ್ತದೆ. ಬೇಲಿಯೊಳಗಿನ ಹಕ್ಕಿ ಹಾಗೆ ಯಾವತ್ತೂ ಕೂರುವುದಿಲ್ಲ. ಬೆಳಗಿನ ಬಿಸಿಲಲ್ಲಿ ಅದರ ಕಂದು ಹೊನ್ನಾಗುತ್ತದೆ, ಮೋಡದಲ್ಲಿ ಬೂದಾಗುತ್ತದೆ, ಎಲೆಯ ನೆರಳಲ್ಲಿ ಹಸಿರು ಬೆರೆಯುತ್ತದೆ. ಗರಿ ಸವೆದಿದ್ದರೆ ಇನ್ನೊಂದೇ ಬಣ್ಣ.

ಈ ಚಿತ್ರಪದ್ಧತಿಗೆ ದಾರಿ ಹಾಕಿದವನು ಅಮೆರಿಕದ ರೋಜರ್ ಟೋರಿ ಪೀಟರ್ಸನ್. 1934ರಲ್ಲಿ ಬಂದ ಅವನ ಕೈಪಿಡಿಯ ಉಪಾಯ ಬಹಳ ಸರಳ: ಪ್ರತಿ ಹಕ್ಕಿಯಲ್ಲೂ ಬೇರೆಯದರಲ್ಲಿ ಇಲ್ಲದ ಒಂದು ಗುರುತನ್ನು ಹಿಡಿದು ಅದರತ್ತ ಬಾಣ ತೋರಿಸುವುದು. ರೆಕ್ಕೆಯ ಪಟ್ಟಿ, ಬಾಲದ ಬಿಳಿ, ಹುಬ್ಬಿನ ಗೆರೆ. ಕೋವಿಯಿಂದ ಹಕ್ಕಿಯನ್ನು ಕೆಡವಿ ಗುರುತಿಸುತ್ತಿದ್ದ ಕಾಲಕ್ಕೆ ಆ ಬಾಣಗಳು ದೊಡ್ಡ ಉಪಕಾರ ಮಾಡಿದವು, ಅದನ್ನು ಮರೆಯಬಾರದು. ಆದರೆ ಪೀಟರ್ಸನ್ ತನ್ನ ಉಪಾಯದ ಗಡಿಯನ್ನೂ ಬಲ್ಲವನಾಗಿದ್ದ. ಶರತ್ಕಾಲದಲ್ಲಿ ಗೊಂದಲ ಹುಟ್ಟಿಸುವ ಉಲಿಯಕ್ಕಿಗಳಿಗೆಂದೇ ಅವನು ಬೇರೆ ಪುಟಗಳನ್ನು ಇಟ್ಟ, ಗೊಂದಲ ಎಂಬ ಮಾತನ್ನು ತಲೆಬರಹದಲ್ಲಿಯೇ ಒಪ್ಪಿಕೊಂಡ. ಅವನನ್ನು ಅನುಸರಿಸಿದವರಲ್ಲಿ ಬಾಣ ಉಳಿಯಿತು, ಈ ಒಪ್ಪಿಗೆ ತೆಳುವಾಯಿತು. ದೊಡ್ಡ ಕೊಕ್ಕಿನ ಉಲಿಯಕ್ಕಿಯನ್ನೂ ಬ್ಲೈತನ ಹೆಸರಿನ ಸಾಮಾನ್ಯ ಉಲಿಯಕ್ಕಿಯನ್ನೂ ಅಕ್ಕಪಕ್ಕ ಕೂರಿಸಿ ಬಾಣ ಹಾಕಬೇಕೆಂದರೆ ಹಾಕುವುದೆಲ್ಲಿ? ಒಂದರ ಕೊಕ್ಕು ಕೆಲವೇ ಮಿಲಿಮೀಟರು ಹೆಚ್ಚು, ರೆಕ್ಕೆಯ ತುದಿ ಕೊಂಚ ಹೆಚ್ಚು ದುಂಡು, ಹಿಂಬೆರಳಿನ ಉಗುರು ಕೊಂಚ ಉದ್ದ. ಇವೆಲ್ಲ ಹಕ್ಕಿ ಕೈಯಲ್ಲಿದ್ದಾಗ ಕಾಣುವ ಗುರುತುಗಳು.

ಸಾಲಿಂ ಅಲಿ ಮತ್ತು ಡಿಲ್ಲನ್ ರಿಪ್ಲಿ ಸೇರಿ 1968ರಿಂದ 1974ರವರೆಗೆ ಹತ್ತು ಸಂಪುಟಗಳಲ್ಲಿ ತಂದ ‘ಹ್ಯಾಂಡ್‌ಬುಕ್’ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ಉಲಿಯಕ್ಕಿಗಳು ಬರುವುದು ಅದರ ಎಂಟನೆಯ ಸಂಪುಟದಲ್ಲಿ. ಹೊರಗೆ ಕಾಣುವ ಗುರುತು ಬೇರೆ, ಕೈಯಲ್ಲಿ ಹಿಡಿದಾಗಿನ ಅಳತೆ ಬೇರೆ ಎಂದು ಅಲ್ಲಿ ವಿಂಗಡಣೆ ಇದೆ. ಗರಿಗಳ ಲೆಕ್ಕಾಚಾರದ ಆ ಪುಟಗಳು ಪಂಚಾಂಗದಷ್ಟೇ ರುಚಿಹೀನ. ಸಂತೋಷಕ್ಕೆ ಓದುವ ಪುಸ್ತಕ ಅದಲ್ಲ. ಆದರೆ ಓದುಗನನ್ನು ಅದು ಹೊಗಳುವುದಿಲ್ಲ. ನಿನ್ನ ಕಣ್ಣಿಗೆ ಇಷ್ಟು ಸಾಧ್ಯ, ಮಿಕ್ಕದ್ದು ಅಳತೆಗೋಲಿನ ಕೆಲಸ ಎಂದು ಗೆರೆ ಎಳೆದು ಕೂರುತ್ತದೆ. ನನ್ನ ಚಿತ್ರದ ಕೈಪಿಡಿ ಆ ಗೆರೆಯನ್ನು ಅಳಿಸಿತ್ತು. ಇಷ್ಟರ ಮಟ್ಟಿಗೆ ತಪ್ಪು ಪುಸ್ತಕದ್ದೂ ಹೌದು ಎಂದು ಈಗಲೂ ನನ್ನ ಅಭಿಪ್ರಾಯ.

ಇಲ್ಲಿ ಒಂದು ತಿರುವು ಇದೆ. ಇದನ್ನು ಹೇಳದಿದ್ದರೆ, ಸಾಮಾನ್ಯ ಹಕ್ಕಿಯೆಂದು ಬರೆದುಕೊಂಡರೆ ತಪ್ಪಾಗುವುದಿಲ್ಲ ಎಂಬ ಅಗ್ಗದ ಪಾಠ ಓದುಗರಿಗೆ ಸಿಕ್ಕೀತು. ನನ್ನ ಹಿರಿಯ ಮಿತ್ರರೂ ಅಂದು ಹಾಗೆಯೇ ಹೇಳಿದರು: ಕಂದು ಹಕ್ಕಿ ಕಂಡರೆ ಬ್ಲೈತನದು ಎಂದು ಬರೆ, ಸಾವಿರಕ್ಕೆ ಒಂಬೈನೂರ ತೊಂಬತ್ತೊಂಬತ್ತು ಸಲ ಸರಿಯಿರುತ್ತದೆ. ಲೆಕ್ಕ ಸರಿಯೇ ಇರಬಹುದು. ಆದರೆ ಥಾಯ್ಲೆಂಡಿನ ಸುದ್ದಿ ಬಂದ ಮೇಲೆ ಇಂಗ್ಲೆಂಡಿನ ಟ್ರಿಂಗ್ ಮ್ಯೂಸಿಯಂನ ಖಾನೆಗಳನ್ನು ಜಾಲಾಡಿದಾಗ, ಬ್ಲೈತನ ಉಲಿಯಕ್ಕಿ ಎಂಬ ಚೀಟಿ ಹೊತ್ತು ಮಲಗಿದ್ದ ಚರ್ಮಗಳ ನಡುವೆ 1869ರಲ್ಲಿ ಭಾರತದಲ್ಲಿಯೇ ಸಂಗ್ರಹಿಸಿದ ಇನ್ನೊಂದು ದೊಡ್ಡ ಕೊಕ್ಕಿನದು ಸಿಕ್ಕಿತು. ಮುಂದೆ ಬೇರೆ ಬೇರೆ ಮ್ಯೂಸಿಯಂಗಳಲ್ಲಿ ಹುಡುಕಿದಾಗ, ಮಧ್ಯ ಏಷ್ಯಾದ ಕಡೆಯಿಂದ ಬಂದು ಇದೇ ರೀತಿ ಬೇರೆ ಹೆಸರಿನಡಿ ಅಡಗಿದ್ದ ಇನ್ನಷ್ಟು ಮಾದರಿಗಳು 2008ರ ಹೊತ್ತಿಗೆ ಬೆಳಕಿಗೆ ಬಂದವು. ಕೈಯಲ್ಲಿ ಹಿಡಿದು, ಅಳತೆಗೋಲು ಪಕ್ಕದಲ್ಲೇ ಇಟ್ಟುಕೊಂಡು, ತಿಳಿದವರೇ ಬರೆದ ಚೀಟಿಗಳು ಅವು. ಅಪರೂಪವೆಂದು ಸಾರಿದ ನನ್ನ ತಪ್ಪು ಒಂದು ಸಂಜೆಯಲ್ಲಿ ತಿದ್ದಿಹೋಯಿತು. ಸಾಮಾನ್ಯವೆಂದು ಬರೆದ ಅವರ ತಪ್ಪು ನೂರಕ್ಕೂ ಹೆಚ್ಚು ವರ್ಷ ಬಾಳಿತು. ಈ ಎರಡು ತಪ್ಪುಗಳಿಗೂ ಮೂಲ ಒಂದೇ. ಪುಸ್ತಕದಲ್ಲಿ, ಪಟ್ಟಿಯಲ್ಲಿ, ಚೀಟಿಯಲ್ಲಿ ‘ತಿಳಿಯದು’ ಎಂದು ಬರೆಯುವುದಕ್ಕೆ ಜಾಗವನ್ನೇ ಬಿಟ್ಟಿರುವುದಿಲ್ಲ.

ಕಣ್ಣು ಸೋತಲ್ಲಿ ಕಿವಿ ಗೆದ್ದ ಉದಾಹರಣೆ ಹಳೆಯದು. ಇಂಗ್ಲೆಂಡಿನ ಸೆಲ್ಬೋರ್ನ್ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್, ಎಲ್ಲರೂ ಒಂದೇ ಎಂದುಕೊಂಡಿದ್ದ ಹಸಿರುಮಿಶ್ರಿತ ಸಣ್ಣ ಉಲಿಯಕ್ಕಿಗಳು ಮೂರು ಬೇರೆ ಬೇರೆ ಜಾತಿ ಎಂಬುದನ್ನು ಹದಿನೆಂಟನೆಯ ಶತಮಾನದಲ್ಲಿಯೇ ಅವುಗಳ ಹಾಡಿನಿಂದ ಕಂಡುಕೊಂಡ. 1789ರಲ್ಲಿ ಪ್ರಕಟವಾದ ಅವನ ಪತ್ರಗಳ ಪುಸ್ತಕವನ್ನು ಇಂದಿಗೂ ಸಾಹಿತ್ಯವೆಂದೇ ಓದುತ್ತಾರೆ. ದೊಡ್ಡ ಕೊಕ್ಕಿನ ಉಲಿಯಕ್ಕಿಯ ವಿಷಯದಲ್ಲೂ ಕೊನೆಗೆ ನಡೆದದ್ದು ಅದೇ. 2008ರಲ್ಲಿ ಆಫ್ಘಾನಿಸ್ತಾನದ ಈಶಾನ್ಯ ಮೂಲೆಯ ವಾಖಾನ್ ಪ್ರದೇಶದಲ್ಲಿ ಸಮೀಕ್ಷೆ ನಡೆಸುತ್ತಿದ್ದ ರಾಬರ್ಟ್ ಟಿಮಿನ್ಸ್ ಎಂಬುವರು ನದಿಯಂಚಿನ ಪೊದೆಗಳಲ್ಲಿ ಒಂದು ಹಾಡು ಕೇಳಿ ಧ್ವನಿಮುದ್ರಿಸಿಕೊಂಡರು. ಮರುವರ್ಷ ಆ ಹಾಡನ್ನೇ ನುಡಿಸಿ ಹಕ್ಕಿಗಳನ್ನು ಬಳಿಗೆ ಕರೆದು, ಬಲೆಯಲ್ಲಿ ಹಿಡಿದು, ಗರಿಯ ಪರೀಕ್ಷೆ ಮಾಡಿಸಿದಾಗ, ಅವು ಅದೇ ಹಕ್ಕಿಗಳು. ಜಗತ್ತು ಹುಡುಕುತ್ತಿದ್ದುದರ ತವರು ಅಲ್ಲಿತ್ತು. ಕೆಲವೇ ವರ್ಷಗಳಲ್ಲಿ ನೆರೆಯ ತಾಜಿಕಿಸ್ತಾನದಲ್ಲಿ ಗೂಡುಗಳೂ ಸಿಕ್ಕವು.

ಆದರೆ ಚಳಿಗಾಲದಲ್ಲಿ ನಮ್ಮ ಬೇಲಿಗೆ ಬರುವ ಉಲಿಯಕ್ಕಿಗೆ ಹಾಡುವ ಉಮೇದು ಇರುವುದಿಲ್ಲ. ಅದರ ಹಾಡು, ಗೂಡು, ಸಂಸಾರ ಎಲ್ಲ ಫಿನ್ಲೆಂಡಿನಿಂದ ಸೈಬೀರಿಯದವರೆಗಿನ ಬೇಸಗೆಯಲ್ಲಿ. ಇಲ್ಲಿ ಅದು ಕೆಲಸಕ್ಕೆ ಬಂದ ಪರದೇಶಿಯಂತೆ. ಒಂದೇ ಶಬ್ದದಲ್ಲಿ ವ್ಯವಹಾರ ಮುಗಿಸುತ್ತದೆ. ಮುಂಬಯಿಗೆ ಬಂದ ಹೊಸದರಲ್ಲಿ ‘ಕಿತೀ’ ‘ಕುಠೇ’ ಎಂಬ ಎರಡೇ ಮಾತಿನಲ್ಲಿ ದಿನ ದೂಡಿದ ನಮ್ಮಂಥವರಿಗೆ ಅದರ ಪಾಡು ಅರ್ಥವಾಗದೆ ಇರದು. ಹತ್ತು ಹನ್ನೆರಡು ಗ್ರಾಂ ತೂಕದ ಜೀವ ಅಷ್ಟು ದೂರ ಹಾರಿ ಡೊಂಬಿವಲಿಯ ಮೋರಿಯಂಚಿನಲ್ಲಿ ಹುಳು ಹೆಕ್ಕುತ್ತದೆ ಎಂಬುದನ್ನು ನಾನು ಆ ಭಾನುವಾರ ಗಮನಿಸಲೇ ಇಲ್ಲ. ಅಪರೂಪದ ಹೆಸರಿನ ಆಸೆ, ಎದುರಿಗಿದ್ದ ಹಕ್ಕಿಯನ್ನೇ ಮರೆಸಿತ್ತು.

ಹೆಸರಿನ ಮಾತು ಬಂದುದರಿಂದ ನಮ್ಮ ಭಾಷೆಯ ವಿಷಯವನ್ನೂ ಹೇಳಬೇಕು. ಕಾಜಾಣ, ಪಿಕಳಾರ, ಮಡಿವಾಳ, ಮಿಂಚುಳ್ಳಿ, ಎಂಥ ಹೆಸರುಗಳು! ಕುವೆಂಪು ಅವರು ಒಂದು ಸಂಕಲನಕ್ಕೇ ‘ಪಕ್ಷಿಕಾಶಿ’ ಎಂದು ಹೆಸರಿಟ್ಟ ಭಾಷೆ ನಮ್ಮದು. ಆದರೆ ಬಣ್ಣವೋ ಬಾಲವೋ ಕೂಗೋ ಎದ್ದು ಕಾಣುವ ಹಕ್ಕಿಗಳಿಗೆ ಮಾತ್ರ ಈ ಔದಾರ್ಯ. ಸಣ್ಣ ಕಂದು ಹಕ್ಕಿಗಳೆಲ್ಲ ನಮ್ಮ ಹಳ್ಳಿಯಲ್ಲಿ ‘ಯಾವುದೋ ಗುಬ್ಬಿ’. ಮರಾಠಿಯವರು ಈ ಬಗೆಯವನ್ನು ‘ವಟವಟ್ಯಾ’ ಎನ್ನುತ್ತಾರೆ, ಸದಾ ವಟಗುಟ್ಟುವವನು ಎಂದು. ಕನ್ನಡದ ಕಿವಿಗೂ ಥಟ್ಟನೆ ಹಿಡಿಸುವ ಹೆಸರು. ಈಚೆಗೆ ಕನ್ನಡದಲ್ಲಿ ಹಕ್ಕಿಗಳ ಪಟ್ಟಿ ಮಾಡುವವರು ಇಂಗ್ಲಿಷಿನ ಹೆಸರುಗಳನ್ನು ಒಂದೊಂದಾಗಿ ಕನ್ನಡಿಸುತ್ತಿರುವುದು ಶ್ರಮದ ಕೆಲಸವೇ. ಆದರೆ ಇಂಗ್ಲಿಷಿನ ತಪ್ಪನ್ನೂ ಜತೆಗೆ ಕನ್ನಡಿಸಬೇಕಾಗಿಲ್ಲ. ಬ್ಲೈತನ ಹಕ್ಕಿಗೆ ಇಂಗ್ಲಿಷಿನಲ್ಲಿ ಜೊಂಡಿನ ಹೆಸರಿದೆ. ನಮ್ಮಲ್ಲಿ ಚಳಿಗಾಲ ಕಳೆಯುವಾಗ ಅದು ಜೊಂಡಿಗಿಂತ ಪೊದೆ, ಬೇಲಿ, ತೋಟಗಳಲ್ಲೇ ಹೆಚ್ಚು. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ 1849ರಲ್ಲಿ ಅದಕ್ಕಿಟ್ಟ ಲ್ಯಾಟಿನ್ ಹೆಸರು ‘ಡ್ಯುಮೆಟೋರಮ್’, ಎಂದರೆ ಪೊದೆಗಳದು. ಹಾಗಾದರೆ ಪೊದೆಯ ಉಲಿಯಕ್ಕಿ ಎನ್ನಬಾರದೇಕೆ? ಆ ಹೆಸರು ಕೇಳಿದವನು ಕಡೇಪಕ್ಷ ಹುಡುಕುವುದಕ್ಕೆ ಸರಿಯಾದ ಜಾಗಕ್ಕಾದರೂ ಹೋಗುತ್ತಾನೆ.

ಕನ್ನಡದಲ್ಲಿ ಪಕ್ಷಿ ಬರಹವೆಂದರೆ ಪೂರ್ಣಚಂದ್ರ ತೇಜಸ್ವಿಯವರ (1938–2007) ಹೆಸರು ಬಿಟ್ಟು ಮಾತಾಡುವಂತಿಲ್ಲ. ‘ಹಕ್ಕಿಪುಕ್ಕ’ವನ್ನು ಓದಿಯೇ ದುರ್ಬೀನು ಕೊಂಡವರು ನಮ್ಮ ಸಂಘದಲ್ಲೂ ಇದ್ದಾರೆ. ಮೂಡಿಗೆರೆಯ ತೋಟದಲ್ಲಿ ಕ್ಯಾಮರಾ ಹಿಡಿದು ಗಂಟೆಗಟ್ಟಲೆ ಕಾದ ಮನುಷ್ಯ ಅವರು. ಅವರ ಬರಹದಲ್ಲಿ ಹಕ್ಕಿಯ ಜತೆ ಕಾಯುವವನೂ ಒಂದು ಪಾತ್ರವಾಗುತ್ತಾನೆ. ಪೆಚ್ಚಾಗುತ್ತಾನೆ, ಮತ್ತೆ ಹೋಗಿ ಕೂರುತ್ತಾನೆ. ಹೊಸ ಕೈಪಿಡಿಗಳಲ್ಲಿ ಕಾಣೆಯಾಗಿರುವುದು ಈ ಪಾತ್ರವೇ. ಆದರೆ ತೇಜಸ್ವಿಯವರನ್ನು ಜೇಬಿನಲ್ಲಿಟ್ಟುಕೊಂಡು ಕಂದು ಹಕ್ಕಿಗಳನ್ನು ವಿಂಗಡಿಸಲು ಹೊರಟರೆ ಸಾಗುವುದಿಲ್ಲ. ಅವರ ಗಮನ ಕಥೆಯತ್ತ, ಮೆಚ್ಚುವ ಕಣ್ಣಿನತ್ತ. ಆ ಕಾಯುವವನೂ ಬೇಕು, ಹ್ಯಾಂಡ್‌ಬುಕ್ಕಿನ ಗೆರೆಯೂ ಬೇಕು. ಎರಡೂ ಇರುವ ಪುಸ್ತಕ ಕನ್ನಡದಲ್ಲಿ ಬರಬೇಕೆಂದು ನನ್ನ ಆಸೆ. ಊರಿನಲ್ಲಿದ್ದವರು ಬರೆದರೂ ಸಂತೋಷ, ನಮ್ಮಂತೆ ಹೊರನಾಡಿನಲ್ಲಿದ್ದವರು ಬರೆದರೂ ಸಂತೋಷ. ಅದರಲ್ಲಿ ಪ್ರತಿ ಹತ್ತು ಹಕ್ಕಿಗೊಂದು ಪುಟ ಖಾಲಿ ಬಿಡಲಿ.

ಈ ವರ್ಷವೂ ‘ಚಕ್ ಚಕ್’ ಬಂದಿದೆ. ದೀಪಾವಳಿಗೆ ಮುಂಚೆಯೇ ಬಂತು. ನನ್ನನ್ನು ಪ್ರಶ್ನಿಸಿದ ಹುಡುಗಿ ಈಗ ಕಾಲೇಜಿಗೆ ಹೋಗುತ್ತಾಳೆ. ಭಾನುವಾರಗಳಂದು ನಮ್ಮ ಗ್ಯಾಲರಿಗೆ ಬಂದು ಕೂರುತ್ತಾಳೆ. ಹೋದ ವಾರ ಬೆಳಿಗ್ಗೆ ಏಳರಿಂದ ಎಂಟೂವರೆಯವರೆಗೆ ಕೂತು ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಕೇಳಿ ನಕಲು ಮಾಡಿಕೊಂಡಿದ್ದೇನೆ: “ದಾಸವಾಳದ ಬೇಲಿ, ನೆಲದಿಂದ ಎರಡಡಿ. ಒಂಟಿ. ಎಲೆಯ ಕೆಳಮೈಯಿಂದ ಹುಳ ಹೆಕ್ಕಿತು, ಹನ್ನೊಂದು ಸಲ. ಪ್ರತಿ ಸಲ ಜಿಗಿದಾಗ ಬಾಲ ತುಸು ಅಗಲಿಸಿತು. ಬೆಕ್ಕು ಬಂದಾಗ ಕೂಗು ಹೆಚ್ಚಾಯಿತು. ಬಿಸಿಲು ಹಿಂದಿನಿಂದ, ಬಣ್ಣ ಹೇಳಲಾರೆ. ಬಹುಶಃ ಪೊದೆಯ ಉಲಿಯಕ್ಕಿ. ಕೊಕ್ಕು ಅಳೆದಿಲ್ಲ.”